ಬೈಗುಳ ಕೇಳಿಸಿಕೊಂಡವರ ಹೆಸರು ಗೊತ್ತಿಲ್ಲದಿದ್ದರೆ ಮಾನನಷ್ಟ ದಾವೆ ಊರ್ಜಿತವಾಗುತ್ತದೆಯೇ?

ಬಡಾವಣೆಯ ಗೇಟಿನ ಬಳಿ ಒಬ್ಬರು ಇನ್ನೊಬ್ಬರನ್ನು "ಸಂಘದ ದುಡ್ಡು ನುಂಗಿದ ಕಳ್ಳ" ಎಂದು ಕೂಗಿ ಹೇಳುತ್ತಾರೆ. ಸುತ್ತ ಹದಿನೈದು ಇಪ್ಪತ್ತು ಮಂದಿ ನಿಂತಿದ್ದರು. ಅವರ ಹೆಸರು ಯಾರಿಗೂ ಗೊತ್ತಿಲ್ಲ. ಪರಿಹಾರಕ್ಕೆ ಸಿವಿಲ್ ದಾವೆ ಹೂಡಬಹುದೇ? ಹೂಡಬಹುದು, ಆದರೆ 'ಪ್ರಕಟಣೆ'ಯನ್ನು, ಅಂದರೆ ಮಾತು ಮೂರನೆಯವರಿಗೆ ತಲುಪಿತು ಎಂಬುದನ್ನು, ಸಾಬೀತುಪಡಿಸುವ ಹೊಣೆ ವಾದಿಯದೇ.

ಆ ಮಾತು ವಾದಿಯ ಕಿವಿಗಷ್ಟೇ ಬಿದ್ದರೆ ಪ್ರಕಟಣೆ ಆಗುವುದಿಲ್ಲ. ಮೂರನೆಯವರೊಬ್ಬರು ಅದನ್ನು ಕೇಳಿರಬೇಕು, ಭಾಷೆ ಅರ್ಥವಾಗಿರಬೇಕು, ಯಾರನ್ನು ಕುರಿತ ಮಾತು ಎಂದು ತಿಳಿದಿರಬೇಕು. ಬೆಂಗಳೂರಿನಂಥ ಊರಲ್ಲಿ ಭಾಷೆಯ ಅಂಶ ನಿಜಕ್ಕೂ ಮುಖ್ಯ. ಅಲ್ಲಿದ್ದವರಿಗೆ ಕನ್ನಡವೇ ಬರುತ್ತಿರಲಿಲ್ಲ ಎಂದು ಪಾಟಿ ಸವಾಲಿನಲ್ಲಿ ಹೊರಬಿದ್ದರೆ ಗುಂಪು ಎಷ್ಟೇ ದೊಡ್ಡದಿದ್ದರೂ ಪ್ರಯೋಜನವಿಲ್ಲ.

ಎಲ್ಲರ ಹೆಸರು ಬೇಕಿಲ್ಲ. ಒಂದು ಸಂಗತಿಗೆ ಇಷ್ಟೇ ಸಾಕ್ಷಿಗಳಿರಬೇಕು ಎಂಬ ನಿಯಮ ಕಾನೂನಿನಲ್ಲಿಲ್ಲ; ಭಾರತೀಯ ಸಾಕ್ಷ್ಯ ಅಧಿನಿಯಮದ 139ನೇ ಕಲಂ ಅದನ್ನೇ ಹೇಳುತ್ತದೆ. ಹಾಗಾಗಿ ನಂಬಿಕೆಗೆ ಅರ್ಹವಾದ ಒಂದು ಸಾಕ್ಷಿಯನ್ನು ಹುಡುಕುವುದಕ್ಕೆ ಮೊದಲ ವಾರದಲ್ಲೇ ಶಕ್ತಿ ಹಾಕಿ: ಗೇಟಿನ ಕಾವಲುಗಾರ, ಪಕ್ಕದ ಅಂಗಡಿಯವರು, ದಿನವೂ ಅಲ್ಲೇ ನಿಲ್ಲುವ ಆಟೋ ಚಾಲಕ. ತಾವೇ ಕೇಳಿದ್ದನ್ನು ಅವರು ಹೇಳಬೇಕು. "ಹಾಗೆ ಬೈದರಂತೆ" ಎಂಬ ಕೇಳಿಕೆಯ ಮಾತು ನಡೆಯುವುದಿಲ್ಲ. ಒಬ್ಬರಾದರೂ ಸಿಕ್ಕರೆ ಪ್ರಕಟಣೆ ಸಾಬೀತಾಗುತ್ತದೆ. ಉಳಿದ ಅಪರಿಚಿತರು ಪರಿಹಾರದ ಮೊತ್ತಕ್ಕೆ ಬಲ ಕೊಡುತ್ತಾರೆ.

ಒಬ್ಬರೂ ಸಿಗದಿದ್ದಾಗ ಸಂದರ್ಭವೇ ಮಾತಾಡಬೇಕು. ಸಹಜವಾಗಿ ನಡೆದಿರಬಹುದಾದುದನ್ನು ನ್ಯಾಯಾಲಯ ಊಹಿಸಿಕೊಳ್ಳಬಹುದು (ಅದೇ ಅಧಿನಿಯಮದ 119ನೇ ಕಲಂ), ಆದರೆ ಊಹೆಗೆ ಆಧಾರ ಒದಗಿಸಬೇಕಾದವರು ನೀವು. ಮೊಬೈಲ್ ರೆಕಾರ್ಡಿಂಗ್ ಆಡಿದ ಮಾತನ್ನು ತೋರಿಸುತ್ತದೆ, ಕೇಳಿದವರನ್ನು ತೋರಿಸುವುದಿಲ್ಲ. ಧ್ವನಿಯಿಲ್ಲದ ಸಿಸಿಟಿವಿ ಜನರನ್ನು ತೋರಿಸುತ್ತದೆ, ಮಾತನ್ನಲ್ಲ. ಎರಡರ ಸಮಯವನ್ನೂ ಹೊಂದಿಸಿ ಒಟ್ಟಿಗೆ ಇಟ್ಟಾಗಲೇ ಚಿತ್ರ ಪೂರ್ಣವಾಗುತ್ತದೆ: ಇಂಥ ಕ್ಷಣದಲ್ಲಿ ಈ ಮಾತು, ಅದೇ ಕ್ಷಣದಲ್ಲಿ ನಾಲ್ಕು ಅಡಿ ದೂರದಲ್ಲಿದ್ದವರು ತಿರುಗಿ ನೋಡಿದರು. ಸಿಸಿಟಿವಿ ದೃಶ್ಯ ಕೆಲವೇ ದಿನಗಳಲ್ಲಿ ತಾನಾಗಿ ಅಳಿಸಿಹೋಗುವುದುಂಟು, ಆದ್ದರಿಂದ ಅದನ್ನು ಉಳಿಸಿಡುವಂತೆ ಕೂಡಲೇ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ರೆಕಾರ್ಡಿಂಗ್ ಅಥವಾ ದೃಶ್ಯದ ಪ್ರತಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ಅದೇ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗಗಳಿವೆ, ಎರಡನೆಯದಕ್ಕೆ ತಜ್ಞರ ಸಹಿ. ಈ ಎರಡನೇ ಭಾಗವನ್ನು ಬಿಟ್ಟು ಸಲ್ಲಿಸುವುದು ಸುಲಭವಾಗಿ ಆಗುವ ತಪ್ಪು.

ದಾವಾ ಪತ್ರದಲ್ಲಿ "ಸಾರ್ವಜನಿಕರ ಮುಂದೆ ಅವಮಾನ ಮಾಡಿದರು" ಎಂದಷ್ಟೇ ಬರೆದರೆ ಏನೂ ಹೇಳಿದಂತಾಗಲಿಲ್ಲ. ದಿನಾಂಕ, ಹೊತ್ತು, ಜಾಗ, ಸುಮಾರು ಎಷ್ಟು ಜನ, ಎಷ್ಟು ದೂರದಲ್ಲಿ, ಯಾವ ಬಗೆಯವರು ಎಂದು ಬರೆಯಿರಿ. ಆಡಿದ ಮಾತನ್ನು ಅದೇ ಕನ್ನಡದಲ್ಲಿ, ಅಕ್ಷರ ಬದಲಿಸದೆ ಕೊಡಿ. ದಾವೆ ಇಂಗ್ಲಿಷಿನಲ್ಲಿದ್ದರೆ ಅನುವಾದ ಅದರ ಕೆಳಗಿರಲಿ. ಪ್ರತಿವಾದಿಯ ಜೊತೆಗೆ ಯಾರಿದ್ದರು ಎಂಬುದನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಆದೇಶದಡಿ ಲಿಖಿತ ಪ್ರಶ್ನಾವಳಿ ಕೊಟ್ಟು ಕೇಳಲು ಅನುಮತಿ ಕೋರಬಹುದು. ವಕೀಲರು ಈ ಸಾಧನವನ್ನು ಇನ್ನೂ ಹೆಚ್ಚು ಬಳಸಬೇಕು ಎಂಬುದು ನನ್ನ ಅಭಿಪ್ರಾಯ. ವಿವಾದಾಂಶಗಳು (ನ್ಯಾಯಾಲಯ ತೀರ್ಮಾನಿಸಬೇಕಾದ ಪ್ರಶ್ನೆಗಳು) ನಿಗದಿಯಾದ 15 ದಿನಗಳೊಳಗೆ ಸಾಕ್ಷಿಪಟ್ಟಿ ಸಲ್ಲಿಸಬೇಕು. ತಡವಾಗಿ ಸಿಕ್ಕ ಸಾಕ್ಷಿಯನ್ನು ಸೇರಿಸಲು ಸಕಾರಣ ತೋರಿಸಬೇಕಾಗುತ್ತದೆ.

ಇನ್ನೊಂದು ಎಚ್ಚರಿಕೆ. ಬೈಗುಳವನ್ನು ವಾದಿಯೇ ಹತ್ತು ಜನರಿಗೆ ಹೇಳಿಕೊಂಡರೆ ಅದು ಪ್ರತಿವಾದಿ ಮಾಡಿದ ಪ್ರಕಟಣೆಯಲ್ಲ. ಉರ್ದು ಬಾರದ ವಾದಿ ತನಗೆ ಬಂದ ಉರ್ದು ಪತ್ರವನ್ನು ಬೇರೆಯವರಿಂದ ಓದಿಸಿಕೊಂಡ ಪ್ರಕರಣದಲ್ಲಿ, ಅವನಿಗೆ ಉರ್ದು ಬಾರದೆಂದು ಬರೆದವನಿಗೆ ಗೊತ್ತಿತ್ತು ಎಂದು ತೋರಿಸದ ಹೊರತು ಪ್ರಕಟಣೆಯಿಲ್ಲ ಎಂದು ಪಟ್ನಾ ಹೈಕೋರ್ಟ್ 1958ರಲ್ಲಿ ಹೇಳಿತು. ಫೋನಿನ ಸ್ಪೀಕರ್ ಹಾಕಿ ಪಕ್ಕದವರಿಗೆ ಕೇಳಿಸಿದರೂ ಇದೇ ಪ್ರಶ್ನೆ ಏಳುತ್ತದೆ.

ಕ್ರಿಮಿನಲ್ ದೂರಿಗೆ ಮೂರು ವರ್ಷದ ಅವಧಿಯಿದೆ ಎಂದು ಕೇಳಿ ಹಲವರು ನಿಶ್ಚಿಂತರಾಗಿರುತ್ತಾರೆ. ಪರಿಹಾರದ ದಾವೆಗೆ ಇರುವುದು ಒಂದೇ ವರ್ಷ, ಸಾಮಾನ್ಯವಾಗಿ ಮಾತಾಡಿದ ದಿನದಿಂದ. ವಕೀಲರ ನೋಟಿಸ್ ಕಳಿಸಿದ ಮಾತ್ರಕ್ಕೆ ಆ ಎಣಿಕೆ ನಿಲ್ಲುವುದಿಲ್ಲ.