ಲಿವರ್ ಎಲ್ಲಿ ತಡೆಯಿತು?

ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಬೇಟೆಯ ರೈಫಲ್ ಋತು ಥ್ಯಾಂಕ್ಸ್‌ಗಿವಿಂಗ್ ಮುಗಿದ ಶನಿವಾರ ಆರಂಭವಾಗುತ್ತದೆ. ಅದಕ್ಕೆ ಎರಡು ವಾರವಿದೆ ಎನ್ನುವಾಗ ಅಜ್ಜಂದಿರ ಕಾಲದ ಲಿವರ್-ಆಕ್ಷನ್ ರೈಫಲ್‌ಗಳು, ಅಂದರೆ ಕುದುರೆಯ ಕೆಳಗಿನ ಹಿಡಿಯನ್ನು (ಲಿವರ್) ಎಳೆದು ಮರಳಿಸಿ ತೋಟಾ ಏರಿಸುವಂಥವು, ಒಂದೊಂದಾಗಿ ನನ್ನ ರಿಪೇರಿ ಬೆಂಚಿಗೆ ಬರತೊಡಗುತ್ತವೆ. ತೋಟಾ ಚೇಂಬರಿಗೆ, ಅಂದರೆ ನಳಿಗೆಯ ಹಿಂತುದಿಯ ಗೂಡಿಗೆ, ಹೋಗುತ್ತಿಲ್ಲ, ನಡುವೆ ಸಿಕ್ಕಿಕೊಳ್ಳುತ್ತದೆ ಎಂಬುದೇ ಹೆಚ್ಚಿನವರ ದೂರು. ಆಗ ನಾನು ಮೊದಲು ಕೇಳುವುದು ರೈಫಲ್‌ನ ವಯಸ್ಸನ್ನಲ್ಲ, ಲಿವರ್ ಯಾವ ಹಂತದಲ್ಲಿ ತಡೆಯಿತು ಎಂಬುದನ್ನು. ಇದಕ್ಕೆ ಸ್ಪಷ್ಟ ಉತ್ತರ ಸಿಕ್ಕಿತೆಂದರೆ ಅರ್ಧ ರಿಪೇರಿ ಆದಂತೆಯೇ, ಏಕೆಂದರೆ ಈ ಯಂತ್ರದಲ್ಲಿ ಪ್ರತಿಯೊಂದು ಭಾಗಕ್ಕೂ ಲಿವರಿನ ಚಲನೆಯಲ್ಲಿ ತನ್ನದೇ ಆದ ಸರದಿ ಇದೆ.

ಜಾನ್ ಬ್ರೌನಿಂಗ್ ವಿನ್ಯಾಸಗೊಳಿಸಿದ, 70 ಲಕ್ಷಕ್ಕೂ ಹೆಚ್ಚು ತಯಾರಾದ ವಿಂಚೆಸ್ಟರ್ 1894 ಮಾದರಿಯನ್ನೇ ತೆಗೆದುಕೊಳ್ಳೋಣ. ನಳಿಗೆಯ ಕೆಳಗಿನ ಕೊಳವೆಯೇ ಅದರ ಮ್ಯಾಗಜಿನ್. ಒಳಗೆ ತೋಟಾಗಳು ಒಂದರ ಹಿಂದೊಂದು ಮಲಗಿರುತ್ತವೆ, ಉದ್ದನೆಯ ಸ್ಪ್ರಿಂಗ್ ಅವನ್ನು ಹಿಂದಕ್ಕೆ ದೂಡುತ್ತಿರುತ್ತದೆ. ಲಿವರನ್ನು ಕೆಳಕ್ಕೆ ಎಳೆದಾಗ ಬೀಗದ ತುಂಡು ಇಳಿಯುತ್ತದೆ, ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಎಂಬ ಸರಳು ಹಿಂದೆ ಸರಿಯುತ್ತದೆ, ಒಂದು ತೋಟಾ ಕೊಳವೆಯಿಂದ ಜಾರಿ ಕ್ಯಾರಿಯರ್ ಎಂಬ ತೊಟ್ಟಿಲಿನ ಮೇಲೆ ಬಂದು ಕೂರುತ್ತದೆ. ಎಳೆತದ ಕೊನೆಯ ತುಸು ದೂರದಲ್ಲಿ ಮಾತ್ರ ಕ್ಯಾರಿಯರ್ ಥಟ್ಟನೆ ಮೇಲೆದ್ದು ತೋಟಾದ ಮೂತಿಯನ್ನು ಚೇಂಬರಿನತ್ತ ತಿರುಗಿಸುತ್ತದೆ. ಲಿವರ್ ಮರಳಿ ಬರುವಾಗ ಬೋಲ್ಟ್ ಅದನ್ನು ಒಳಕ್ಕೆ ನೂಕುತ್ತದೆ. ಹೀಗಾಗಿ ಲಿವರ್ ಕೆಳಗಿಳಿಯುವಾಗ ತಡೆದರೆ ಒಂದು ಕಾರಣ, ಮೇಲೆ ಬರುವಾಗ ತಡೆದರೆ ಬೇರೆಯೇ ಕಾರಣ.

ಪರೀಕ್ಷೆಯನ್ನು ಎಂದೂ ಜೀವಂತ ತೋಟಾದಿಂದ ಮಾಡಬಾರದು. ಮದ್ದು ಮತ್ತು ಪ್ರೈಮರ್ (ಪೆಟ್ಟು ಬಿದ್ದೊಡನೆ ಮದ್ದಿಗೆ ಕಿಡಿ ಹೊತ್ತಿಸುವ, ತೋಟಾದ ಹಿಂಬದಿಯ ಪುಟ್ಟ ಬಟ್ಟಲು) ಇಲ್ಲದ, ಆದರೆ ನಿಜವಾದ ಹಿತ್ತಾಳೆ ಕೇಸ್ ಮತ್ತು ನಿಜವಾದ ಗುಂಡು ಇರುವ ಐದಾರು ಡಮ್ಮಿಗಳನ್ನು ಕೇಸಿನ ಪಕ್ಕಕ್ಕೆ ತೂತು ಕೊರೆದು ಗುರುತು ಮಾಡಿ ಇಟ್ಟುಕೊಂಡಿದ್ದೇನೆ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಡಮ್ಮಿಗಳು ಹಗುರ ಮತ್ತು ನುಣುಪು. ಅವು ಸಲೀಸಾಗಿ ಹೋದವೆಂದು ರೈಫಲ್ ಸರಿಯಾಗಿದೆ ಎಂದು ನಂಬಿ ಮೋಸ ಹೋಗಬಾರದು.

ಬಿಚ್ಚಿದಾಗ ಹತ್ತರಲ್ಲಿ ಹಲವು ಬಾರಿ ಕಾಣುವುದು ಮುರಿದ ಭಾಗವಲ್ಲ, ಕೊಳೆ. ನಾನು ಹುಟ್ಟಿ ಬೆಳೆದ ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗಳನ್ನು ಹೊರತೆಗೆದು, ಒರೆಸಿ, ಎಣ್ಣೆ ಹಚ್ಚಿ, ನಳಿಗೆಯ ತುದಿಗೆ ತೋಕ್ ಪೂ ಸಿಕ್ಕಿಸಿ ಪೂಜಿಸುತ್ತೇವೆ; ಆ ಎಣ್ಣೆಯ ಮೇಲೆ ಮುಂದಿನ ವರ್ಷ ಮತ್ತೆ ಎಣ್ಣೆ. ಇಲ್ಲಿನ ಬೇಟೆಗಾರರಿಗೆ ಹೂವಿನ ಪದ್ಧತಿ ಇಲ್ಲ, ಎಣ್ಣೆಯ ಪದ್ಧತಿ ಮಾತ್ರ ಅದೇ. ಐವತ್ತು ವರ್ಷದ ಎಣ್ಣೆ ಒಣಗಿ ಹಲಸಿನ ಮೇಣದಂತೆ ಮ್ಯಾಗಜಿನ್ ಕೊಳವೆಯ ಒಳಗೋಡೆಗೆ ಹಿಡಿದಿರುತ್ತದೆ, ಕೊನೆಯ ತೋಟಾವನ್ನು ದೂಡಬೇಕಾದ ಫಾಲೋವರ್ ಅದರಲ್ಲಿ ಸಿಕ್ಕಿ ನಿಂತಿರುತ್ತದೆ. ಕೊಳವೆಯ ತುದಿಯ ಮುಚ್ಚಳವನ್ನು ಬಿಚ್ಚಿ, ಚಿಮ್ಮುವ ಸ್ಪ್ರಿಂಗಿಗೆ ಅಂಗೈ ಅಡ್ಡ ಹಿಡಿದು, ದ್ರಾವಕದಲ್ಲಿ ಅದ್ದಿದ ಬಟ್ಟೆಯಿಂದ ಒಳಗನ್ನು ಉಜ್ಜಿ, ಒಣಗಿಸಿಯೇ ಜೋಡಿಸಬೇಕು. ಕೊಳವೆಗೆ ಹೊರಗಿನಿಂದ ಪೆಟ್ಟು ಬಿದ್ದು ತಗ್ಗು ಆಗಿದೆಯೇ ಎಂಬುದನ್ನೂ ಆಗಲೇ ನೋಡಿಬಿಡಬೇಕು.

ಮೂರು ವರ್ಷದ ಹಿಂದೆ ಬಂದ ಒಂದು ರೈಫಲ್ ನೆನಪಾಗುತ್ತದೆ. 1964ಕ್ಕಿಂತ ಹಿಂದಿನ ವಿಂಚೆಸ್ಟರ್ 94, .30-30 ಕ್ಯಾಲಿಬರಿನದು, ಅಜ್ಜನಿಂದ ಮೊಮ್ಮಗನಿಗೆ ಬಂದದ್ದು. ಲಿವರ್ ಸರಾಗವಾಗಿ ಕೆಳಗಿಳಿಯುತ್ತಿತ್ತು, ಮೇಲೆ ಬರುವಾಗ ತಡೆಯುತ್ತಿತ್ತು: ತೋಟಾದ ಮೂತಿ ಚೇಂಬರಿನ ಕೆಳತುಟಿಗೆ ಗುದ್ದುತ್ತಿತ್ತು. ಯಾರೋ ರಿಪೇರಿಗಾರರು ಇದನ್ನು ನೋಡಿ ತುಟಿ ಎತ್ತರವಾಗಿದೆ ಎಂದು ತೀರ್ಮಾನಿಸಿ ಅದಕ್ಕೆ ಅರ ಹಾಕಿದ್ದರು; ಭೂತಗನ್ನಡಿಯ ಕೆಳಗೆ ಅಡ್ಡಡ್ಡ ಗೀರುಗಳು ಹೊಳೆಯುತ್ತಿದ್ದವು. ಆದರೆ ಅರವತ್ತು ವರ್ಷ ಕೆಲಸ ಮಾಡಿದ ತುಟಿ ಒಂದು ಬೆಳಿಗ್ಗೆ ಎದ್ದು ಎತ್ತರವಾಗುವುದುಂಟೇ? ಮೇಲೆದ್ದ ಕ್ಯಾರಿಯರ್ ಕುಸಿಯದಂತೆ ಹಿಡಿಯುವುದು ಒಂದು ಚಪ್ಪಟೆ ಸ್ಪ್ರಿಂಗ್, ಅದನ್ನು ಬಿಗಿದಿರುವುದು ಒಂದೇ ಒಂದು ಸಣ್ಣ ತಿರುಪು. ಆ ತಿರುಪು ಒಂದು ಸುತ್ತಿನಷ್ಟು ಸಡಿಲಾಗಿತ್ತು. ಬೋಲ್ಟ್ ನೂಕಿದ ಕ್ಷಣದಲ್ಲಿ ಕ್ಯಾರಿಯರ್ ತೋಟಾದ ಭಾರಕ್ಕೆ ಬಾಗುತ್ತಿತ್ತು, ಮೂತಿ ತಗ್ಗುತ್ತಿತ್ತು.

ತಿರುಪನ್ನು ಬಿಗಿಯಲು ಐದು ನಿಮಿಷ ಸಾಕಾಯಿತು, ಅರ ಹಾಕಿದ ತುಟಿಯ ತಪಾಸಣೆಗೆ ಇಡೀ ಮಧ್ಯಾಹ್ನ ಬೇಕಾಯಿತು. ಚೇಂಬರಿನ ಗೋಡೆ ಕೇಸಿಗೆ ಆಧಾರ. ಅಲ್ಲಿ ಲೋಹ ಹೆಚ್ಚು ಹೋಗಿದ್ದರೆ ಹಾರಿಸುವಾಗ ಕೇಸ್ ಅಲ್ಲಿಯೇ ಉಬ್ಬಿ ಸೀಳಬಹುದು. ಕುದಿಯುವ ನೀರಿಗಿಂತ ಕಡಿಮೆ ಬಿಸಿಯಲ್ಲಿ ಕರಗುವ ಸೆರೋಸೇಫ್ ಎಂಬ ಮಿಶ್ರಲೋಹವನ್ನು ಚೇಂಬರಿಗೆ ಹೊಯ್ದು, ಎರಕ ತೆಗೆದು ಅಳೆದೆ. ಅದೃಷ್ಟಕ್ಕೆ ಅಂಚು ಮಾತ್ರ ಸವೆದಿತ್ತು. ಇನ್ನೂ ನಾಲ್ಕು ಸಲ ಅರ ಆಡಿಸಿದ್ದರೆ ನಳಿಗೆಯನ್ನೇ ಬದಲಿಸಬೇಕಾಗುತ್ತಿತ್ತು.

ಇಂತಹ ರೈಫಲ್‌ಗಳಲ್ಲಿ ರಿಸೀವರಿನ (ಈ ಯಂತ್ರಭಾಗಗಳನ್ನೆಲ್ಲ ಹೊತ್ತ ಲೋಹದ ಪೆಟ್ಟಿಗೆಯ) ಎರಡೂ ಒಳಗೋಡೆಗಳಿಗೆ ಬಿಗಿದಿರುವ ತೋಟಾ-ಗೈಡುಗಳ ತಿರುಪುಗಳನ್ನೂ, ಕ್ಯಾರಿಯರ್ ತೂಗುವ ಎರಡು ತಿರುಪುಗಳನ್ನೂ ಜೊತೆಗೇ ನೋಡಬೇಕು. ಹಳೆಯ ತಿರುಪುಗಳ ಸೀಳು ಕಿರಿದು. ಬೆಣೆಯಾಕಾರದ ಸಾಮಾನ್ಯ ಸ್ಕ್ರೂಡ್ರೈವರ್ ಹಾಕಿದರೆ ಅಂಚು ಕಿತ್ತು ಬರುತ್ತದೆ, ಆದ್ದರಿಂದ ಸೀಳಿಗೆ ತಕ್ಕಂತೆ ಸಮಾನಾಂತರವಾಗಿ ಉಜ್ಜಿದ ಅಲಗು ಬೇಕು. 1964ರ ನಂತರದ ಮಾದರಿಯಲ್ಲಿ ಕ್ಯಾರಿಯರನ್ನು ಕಡೆದು ಮಾಡುವ ಬದಲು ತಗಡಿನಿಂದ ಒತ್ತಿ ಮಾಡತೊಡಗಿದರು. ಹೀಗಾಗಿ ಬಿಡಿಭಾಗ ತರಿಸುವ ಮೊದಲು ಸೀರಿಯಲ್ ಸಂಖ್ಯೆ ನೋಡದಿದ್ದರೆ ದುಡ್ಡು ದಂಡ.

ಲಿವರ್ ಕೆಳಗೂ ಹೋಗದೆ ಮೇಲೂ ಬಾರದೆ ಬಿಗಿದುಕೊಂಡರೆ ಎರಡನೆಯ ತೋಟಾ ಸರದಿ ಮುರಿದು ಹೊರಬಂದಿರುವ ಸಾಧ್ಯತೆ ಹೆಚ್ಚು. ಮಾರ್ಲಿನ್ ಕಂಪನಿಯ 336 ಮತ್ತು 1894 ಮಾದರಿಗಳನ್ನು ಬಳಸುವವರಲ್ಲಿ ಇದಕ್ಕೆ ಮಾರ್ಲಿನ್ ಜಾಮ್ ಎಂಬ ಹೆಸರೇ ಇದೆ. ಲಿವರಿನ ಚೂಪು ಅಂಚು ವರ್ಷಗಟ್ಟಲೆ ಉಜ್ಜಿ ಕ್ಯಾರಿಯರಿನ ಮೈಯಲ್ಲಿ ಒಂದು ಕಚ್ಚು ಬೀಳುತ್ತದೆ. ಉಗುರು ಎಳೆದರೆ ತಡೆಯುವಷ್ಟೇ ಆಳ. ಅಷ್ಟಕ್ಕೇ ಕ್ಯಾರಿಯರ್ ಏಳುವ ವೇಳೆ ತಪ್ಪುತ್ತದೆ, ತಡೆಯಬೇಕಾದ ತೋಟಾದ ಅಂಚು ನುಸುಳಿಬಿಡುತ್ತದೆ. ಲಿವರಿನ ಅಂಚನ್ನು ಸಾಣೆಕಲ್ಲಿನಿಂದ ದುಂಡಗೆ ಮಾಡಿ, ಕಚ್ಚನ್ನು ಬೆಸುಗೆಯಿಂದ ತುಂಬಿ ಸಮ ಮಾಡಬಹುದು. ಹೊಸ ಕ್ಯಾರಿಯರ್ ಹಾಕುವುದಾದರೂ ಲಿವರಿನ ಅಂಚನ್ನು ಬಿಟ್ಟರೆ ಅದೇ ಕಚ್ಚು ಮತ್ತೆ ಬೀಳುತ್ತದೆ.

ಸ್ವಂತವಾಗಿ ತೋಟಾ ತುಂಬಿಕೊಳ್ಳುವವರು ಉದ್ದವನ್ನು ಅಳೆಯಬೇಕು. .30-30 ತೋಟಾದ ಗರಿಷ್ಠ ಒಟ್ಟು ಉದ್ದ 2.550 ಇಂಚು, ಅಂದರೆ ಸುಮಾರು 64.8 ಮಿಲಿಮೀಟರ್. ಕೇಸಿನ ಬಾಯಿಯನ್ನು ಗುಂಡಿನ ಸುತ್ತ ಬಿಗಿಯಾಗಿ ಅದುಮದಿದ್ದರೆ ಮ್ಯಾಗಜಿನ್ ಸ್ಪ್ರಿಂಗಿನ ಒತ್ತಡಕ್ಕೂ ಹಿಮ್ಮೆಟ್ಟುವ ಪೆಟ್ಟಿಗೂ ಗುಂಡು ಒಳಕ್ಕೆ ಕುಸಿದು ತೋಟಾ ಗಿಡ್ಡವಾಗುತ್ತದೆ, ಅದರ ಹಿಂದೆಯೇ ಮುಂದಿನದು ಇಣುಕುತ್ತದೆ. ಕೊಳವೆಯಲ್ಲಿ ಒಂದರ ಮೂತಿ ಇನ್ನೊಂದರ ಪ್ರೈಮರಿಗೆ ತಾಗಿಕೊಂಡಿರುವುದರಿಂದ ಗಟ್ಟಿ ಚೂಪು ಮೂತಿಯ ಗುಂಡನ್ನಂತೂ ಇದರಲ್ಲಿ ಬಳಸಲೇಬಾರದು.

ಆ ಮೊಮ್ಮಗ ರೈಫಲ್ ಒಯ್ಯಲು ಬಂದಾಗ ಐದು ಡಮ್ಮಿ ತುಂಬಿ ಕೈಗೆ ಕೊಟ್ಟೆ. ಮೊದಲನೆಯದೇ ಸಿಕ್ಕಿಕೊಂಡಿತು. ಅವನು ಲಿವರನ್ನು ಸದ್ದಾಗದಂತೆ, ಮುಕ್ಕಾಲು ದೂರಕ್ಕೆ ಮಾತ್ರ ಎಳೆಯುತ್ತಿದ್ದ. ಕಾಡಿನಲ್ಲಿ ಸದ್ದು ಮಾಡಬಾರದೆಂದು ಅಜ್ಜ ಹೇಳಿಕೊಟ್ಟಿದ್ದರಂತೆ. ಉಳಿದ ಕಾಲು ದೂರದಲ್ಲಿಯೇ ಕ್ಯಾರಿಯರ್ ಏಳುವುದು ಎಂದು ಪಕ್ಕದಿಂದ ತೋರಿಸಿದೆ. ಈ ಸಲ ಲಿವರ್ ತಳಕ್ಕೆ ಬಡಿಯುವವರೆಗೆ ಎಳೆದು, ಅಷ್ಟೇ ಬಿರುಸಾಗಿ ಮುಚ್ಚಿದ. ಐದೂ ಡಮ್ಮಿಗಳು ಒಂದೊಂದಾಗಿ ಹೊರಚಿಮ್ಮಿ ಬೆಂಚಿನ ಮೇಲೆ ಉರುಳಿದವು.