ಹುಲ್ಲಿನ ತೂಕದಲ್ಲೇ ಗೊಬ್ಬರದ ಲೆಕ್ಕ

ಹತ್ತು ಗುಂಟೆಯಲ್ಲಿ ರೋಡ್ಸ್ ಹುಲ್ಲು ಹಾಕಿದವರನ್ನು ಒಣಮೇವು ಎಷ್ಟು ಸಿಕ್ಕೀತು ಎಂದು ಕೇಳಿ ನೋಡಿ. ಹೇಳುವುದೆಲ್ಲ ಕಣ್ಣಂದಾಜು. ಹಸಿರು ಹುಲ್ಲಿನಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ ಇರುವುದರಿಂದ ಈ ಅಂದಾಜು ಬಹಳ ಸಲ ತಪ್ಪುತ್ತದೆ.

ತೂಗಿ ನೋಡುವುದು ಕಷ್ಟವಲ್ಲ. ಬಿದಿರಿನ ನಾಲ್ಕು ದಬ್ಬೆ ಕಟ್ಟಿ ಒಂದು ಮೀಟರ್ ಚೌಕ ಮಾಡಿಕೊಳ್ಳಿ. ಬದುವಿನ ಅಂಚು ಬೇಡ, ಅಲ್ಲಿ ಬಿಸಿಲು ಹೆಚ್ಚು ಸಿಕ್ಕಿ ಹುಲ್ಲು ಸೊಂಪಾಗಿರುತ್ತದೆ. ಹೊಲದೊಳಗೆ ಐದಾರು ಕಡೆ ಚೌಕ ಎಸೆದು, ಬಿದ್ದಲ್ಲೇ ಕೊಯ್ಯಿರಿ. ಒಳ್ಳೆಯ ಜಾಗ ಹುಡುಕಿ ಇಟ್ಟರೆ ಲೆಕ್ಕ ಅಲ್ಲೇ ಕೆಟ್ಟಿತು. ಬುಡ ಚೌಕದೊಳಗಿರುವ ಹುಲ್ಲು ಮಾತ್ರ ತಕ್ಕಡಿಗೆ ಹೋಗಲಿ. ಕುಡುಗೋಲು ಎಂದಿನ ಎತ್ತರದಲ್ಲೇ ಆಡಲಿ.

ಚೌಕವೊಂದಕ್ಕೆ ಸರಾಸರಿ ಒಂದೂವರೆ ಕಿಲೋ ಬಂತೆನ್ನಿ. ಒಂದು ಗುಂಟೆಗೆ ಸುಮಾರು 101 ಚದರ ಮೀಟರ್. ಹತ್ತು ಗುಂಟೆಗೆ ಒಂದೂವರೆ ಟನ್ ಹಸಿ ಹುಲ್ಲು. ಅದರಲ್ಲಿ 500 ಗ್ರಾಂ ಕತ್ತರಿಸಿ, ತೂಕ ಇಳಿಯುವುದು ನಿಲ್ಲುವವರೆಗೆ ಬಿಸಿಲಿಗಿಡಿ. 130 ಗ್ರಾಂ ಉಳಿದರೆ, ಇಡೀ ಹೊಲಕ್ಕೆ ಹೆಚ್ಚುಕಡಿಮೆ 400 ಕಿಲೋ ಒಣಹುಲ್ಲು. ತಿರುವಿಹಾಕುವಾಗ ಎಲೆ ಉದುರಿ ಬಣವೆಗೆ ಸೇರುವುದು ಇನ್ನೂ ಕಡಿಮೆಯೇ.

ಈ 400 ಕಿಲೋದಲ್ಲೇ ಗೊಬ್ಬರದ ಲೆಕ್ಕವೂ ಅಡಗಿದೆ. ಹುಲ್ಲಿನಲ್ಲಿ ಶೇ. 10ರಷ್ಟು ಪ್ರೋಟೀನ್ ಇದೆಯೆಂದರೆ 40 ಕಿಲೋ ಪ್ರೋಟೀನ್. 6.25 ಕಿಲೋ ಪ್ರೋಟೀನಿನಲ್ಲಿ ಸುಮಾರು ಒಂದು ಕಿಲೋ ಸಾರಜನಕ ಇರುವುದರಿಂದ, ಅದನ್ನು 6.25ರಿಂದ ಭಾಗಿಸಿದರೆ 6.4 ಕಿಲೋ ಸಾರಜನಕ. ಯೂರಿಯಾದಲ್ಲಿ ಸಾರಜನಕ ಶೇ. 46. ಅಂದರೆ ಒಂದೇ ಕೊಯ್ಲಿನಲ್ಲಿ ಸುಮಾರು 14 ಕಿಲೋ ಯೂರಿಯಾದಷ್ಟು ಸತ್ವ ಹೊಲ ಬಿಟ್ಟು ಹೋಯಿತು. ಯೂರಿಯಾ ನೆಲದ ಮೇಲೆಯೇ ಬಿದ್ದಿದ್ದರೆ ಅದರ ಸಾರಜನಕದಲ್ಲಿ ಒಂದಷ್ಟು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಕೊಯ್ದ ಮೇಲೆ ಎರಚಿ ಕೂಡಲೇ ನೀರು ಹಾಯಿಸಬೇಕು.

ನನಗೆ ಹೆಚ್ಚು ಚಿಂತೆಯಿರುವುದು ಪೊಟ್ಯಾಷ್, ಅಂದರೆ ಪೊಟ್ಯಾಷಿಯಂ ಕೊಡುವ ಗೊಬ್ಬರದ ಬಗ್ಗೆ. ಹುಲ್ಲು ಸಾರಜನಕದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಪೊಟ್ಯಾಷಿಯಂ ಹೊತ್ತೊಯ್ಯುತ್ತದೆ. ಯೂರಿಯಾ ಮಾತ್ರ ಹಾಕುತ್ತಾ ಹೋದರೆ ಮೊದಲೆರಡು ವರ್ಷ ಏನೂ ತಿಳಿಯದೆ ಇರಬಹುದು. ಆಮೇಲೆ ಹಳೆಯ ಎಲೆಗಳ ಅಂಚು ಕಂದಿ, ಹುಲ್ಲು ತೆಳುವಾಗಿ, ಕಳೆ ನುಗ್ಗುತ್ತದೆ. ಹಸು ತಿಂದ ಪೊಟ್ಯಾಷಿಯಂ ಬಹುಪಾಲು ಹೊರಬರುವುದು ಸಗಣಿಯಲ್ಲಲ್ಲ, ಗಂಜಲದಲ್ಲಿ. ನಮ್ಮ ಎಷ್ಟೋ ಕೊಟ್ಟಿಗೆಗಳಲ್ಲಿ ಅದು ಚರಂಡಿಗೇ ಹರಿದುಹೋಗುತ್ತದೆ. ನೆಲಕ್ಕೆ ಇಳಿಜಾರು ಕೊಟ್ಟು ಗುಂಡಿಯಲ್ಲಿ ಹಿಡಿದು, ನೀರು ಬೆರೆಸಿ, ಕೊಯ್ದ ಬೆನ್ನಲ್ಲೇ, ಹೊಸ ಚಿಗುರು ಬರುವ ಮುಂಚೆ ಹೊಲಕ್ಕೆ ಬಿಡಿ. ತಡವಾದರೆ ಎಲೆ ಸುಟ್ಟೀತು, ವಾಸನೆಗೆ ಹಸುವೂ ಮೂತಿ ತಿರುಗಿಸೀತು.