ಪ್ರೀತಿ ಇದ್ದರೆ ಸಭೆಯಲ್ಲಿ ಜಗಳ ಬರಬಾರದಲ್ವಾ?

ಪ್ರಶ್ನೆ: "ಸರ್, ನಮ್ಮ ಚರ್ಚ್ ಸಭೆಯಲ್ಲಿ ಕನ್ನಡ ಆರಾಧನೆ ಮೊದಲೋ ಮರಾಠಿ ಮೊದಲೋ ಅಂತ ಎರಡು ಪಾರ್ಟಿ ಆಗ್ಯಾವ. ಮೊದಲಿನ ವಿಶ್ವಾಸಿಗಳು ಒಂದೇ ಮನಸ್ಸಿನಿಂದ ಇದ್ರು. ನಾವ್ಯಾಕ ಹಿಂಗ ಆದ್ವಿ?" (ಬೆಳಗಾವಿಯಿಂದ ಒಬ್ಬ ಓದುಗರು)

ಡಿಸೆಂಬರ್ ಹತ್ತಿರ ಬಂತು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಒಂದು ವರ್ಷ ಭಾಷೆ, ಇನ್ನೊಂದು ವರ್ಷ ಕೀಬೋರ್ಡು, ಮತ್ತೊಮ್ಮೆ ಕ್ಯಾರಲ್ ತಂಡ ಯಾವ ಓಣಿಗೆ ಮೊದಲು ಹೋಗಬೇಕು ಅನ್ನೋದು. ಹೇಳಿ ಹೇಳಿ ಸಾಕಾಗಿದೆ. ಇರಲಿ, ಇನ್ನೊಮ್ಮೆ ಹೇಳುತ್ತೇನೆ.

ಮೊದಲು ಆ "ಒಂದೇ ಮನಸ್ಸಿ"ನ ಕಥೆ ಮುಗಿಸೋಣ. ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 4ನೇ ಅಧ್ಯಾಯ, 32ನೇ ವಚನ, ವಿಶ್ವಾಸಿಗಳೆಲ್ಲ ಒಂದೇ ಮನಸ್ಸಿನವರಾಗಿದ್ದರು ಅನ್ನೋದು, ಎಲ್ಲರಿಗೂ ಬಾಯಿಪಾಠ. ಅಲ್ಲಿಗೇ ಪುಸ್ತಕ ಮುಚ್ಚಿಬಿಡುತ್ತೀರಿ. ದಯವಿಟ್ಟು ಇನ್ನೊಂದೆರಡು ಹಾಳೆ ತಿರುವಿ. 5ನೇ ಅಧ್ಯಾಯದಲ್ಲಿ ಅನನೀಯ ಹೊಲ ಮಾರಿದ ಹಣದಲ್ಲಿ ಸುಳ್ಳು ಲೆಕ್ಕ ಕೊಡುತ್ತಾನೆ. 6ನೇ ಅಧ್ಯಾಯ ಶುರುವಾಗುವುದೇ ಗೊಣಗಾಟದಿಂದ. ಗ್ರೀಕ್ ಮಾತಾಡುವವರ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲ, ಸ್ಥಳೀಯ ಭಾಷೆಯವರಿಗೆ ಸಿಗುತ್ತಿದೆ ಅಂತ ದೂರು. ಭಾಷೆ ಜಗಳ! ಬೆಳಗಾವಿಯಲ್ಲಿ ಕೂತು ಇದನ್ನು ಓದಿಯೂ ನಮಗೆ ಕಾಣಿಸುವುದಿಲ್ಲ ಅಂದರೆ ಹೇಗೆ?

ಅಪೊಸ್ತಲರು, ಅಂದರೆ ಯೇಸು ಆರಿಸಿದ ಶಿಷ್ಯರು, ಏನು ಮಾಡಿದರು ನೋಡಿ. "ಸುಮ್ನೆ ಪ್ರಾರ್ಥನೆ ಮಾಡಿ" ಅಂತ ಬಾಯಿ ಮುಚ್ಚಿಸಲಿಲ್ಲ. ಎಲ್ಲರನ್ನೂ ಕರೆದು, ಏಳು ಜನರನ್ನು ನೀವೇ ಆರಿಸಿ ಅಂದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು, ಅಂದರೆ ದೂರು ಹೇಳಿದವರ ಕಡೆಯ ಹೆಸರುಗಳೇ. ಸಂಡೇ ಸ್ಕೂಲಿನಲ್ಲಿ ಒಂದು ಹುಡುಗಿ ಇದನ್ನು ತಾನೇ ಕಂಡುಹಿಡಿದು ಹೇಳಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

"ಅದು ಸಣ್ಣ ವಿಷಯ ಬಿಡ್ರಿ" ಅನ್ನುತ್ತೀರಾ? ಸರಿ, ಅಪೊಸ್ತಲ ಪೌಲ ಗಲಾತ್ಯದವರಿಗೆ ಬರೆದ ಪತ್ರ, 2ನೇ ಅಧ್ಯಾಯ. ಅಂತಿಯೋಕ್ಯ ಪಟ್ಟಣದಲ್ಲಿ ಅಪೊಸ್ತಲ ಪೇತ್ರ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕೂತು ಊಟ ಮಾಡುತ್ತಿದ್ದ. ಯೆರೂಸಲೇಮ್ ಸಭೆಯ ಮುಖಂಡ ಯಾಕೋಬನ ಕಡೆಯ ಯೆಹೂದ್ಯರು ಬಂದರು. ಪೇತ್ರ ಮೆಲ್ಲಗೆ ದೂರ ಸರಿದ. ಪಂಕ್ತಿಭೇದ ಅಂದರೇನು ಅಂತ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಪೌಲ ಎಲ್ಲರ ಮುಂದೆಯೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ಅಲ್ಲಿ ಸುಮ್ಮನಿದ್ದಿದ್ದರೆ ಅದೇ ಪ್ರೀತಿಗೆ ಮಾಡಿದ ದ್ರೋಹ.

ಮಾರ್ಕ ಅನ್ನುವವನನ್ನು ಪ್ರಯಾಣಕ್ಕೆ ಕರೆದುಕೊಂಡು ಹೋಗಬೇಕೋ ಬೇಡವೋ ಅನ್ನುವ ವಿಷಯಕ್ಕೆ ಪೌಲನಿಗೂ ಅವನ ಜೊತೆಗಾರ ಬಾರ್ನಬನಿಗೂ ಜೋರು ಮಾತಾಗಿ, ಒಬ್ಬ ಸೈಪ್ರಸ್ ಕಡೆ, ಒಬ್ಬ ಸಿರಿಯ ಕಡೆ ಹೋದರು. ಮುಂದೆ ಸೆರೆಯಲ್ಲಿದ್ದಾಗ ಪೌಲ ತಿಮೊಥೆಯನಿಗೆ ಬರೆದ: ನನ್ನ ಹೊದಿಕೆ ತಾ, ಪುಸ್ತಕ ತಾ, ಮಾರ್ಕನನ್ನೂ ಕರೆದುಕೊಂಡು ಬಾ, ಅವನು ನನಗೆ ಉಪಯೋಗಕ್ಕೆ ಬರುತ್ತಾನೆ.

ಇನ್ನೊಂದು ಮಾತು. "ಐಕ್ಯತೆ ಇರಲಿ, ಸುಮ್ನಿರಿ" ಅನ್ನುವವರು ಸಾಮಾನ್ಯವಾಗಿ ಆರಾಧನೆಗೆ ಒಳ್ಳೆಯ ಟೈಮ್ ಸಿಕ್ಕವರೇ ಆಗಿರುತ್ತಾರೆ.

ಈಗ ನಿಮ್ಮ ವಿಷಯ. ಪಂಕ್ತಿಭೇದದಂಥದ್ದಾದರೆ ಬಿಡಬೇಡಿ, ಮಾತಾಡಿ. ಟೈಮ್, ವಾದ್ಯ, ಹಾಡು ಇವೆಲ್ಲ ರೋಮಾಪುರದವರ ಪತ್ರದ 14ನೇ ಅಧ್ಯಾಯದ ಲೆಕ್ಕ: ಮಾಂಸ ತಿನ್ನುವವನು ಕಾಯಿಪಲ್ಲೆ ತಿನ್ನುವವನನ್ನು ಹೀಯಾಳಿಸಬಾರದು, ಅವನು ಇವನಿಗೆ ತೀರ್ಪು ಕೊಡಬಾರದು. ತಿಂಗಳಿಗೊಮ್ಮೆ ಟೈಮ್ ಅದಲು ಬದಲು ಮಾಡಿ. ವೇಳಾಪಟ್ಟಿ ಮಾಡುವ ಕೆಲಸವನ್ನು ದೂರು ಹೇಳುವವರ ಕೈಗೇ ಕೊಡಿ. ಯಾರ ಮೇಲಾದರೂ ಸಿಟ್ಟಿದ್ದರೆ ಮತ್ತಾಯ 18ರಲ್ಲಿ ಹೇಳಿದಂತೆ ಮೊದಲು ಅವರೊಬ್ಬರ ಹತ್ತಿರವೇ ಮಾತಾಡಿ. ವಾಟ್ಸಾಪ್ ಗ್ರೂಪಿನಲ್ಲಿ ವಚನ ಹಾಕಿ ಚುಚ್ಚುವುದು ಬೇಡ.

ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ: ಬೇರೆ ಬೇರೆ ಪಂಗಡದವರು ಒಂದಾಗಿದ್ದೂ ಇದೆ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಶುರುವಾದ ಮಾತುಕತೆ ಮುಗಿದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಹುಟ್ಟಿದ್ದು 1947ರ ಸೆಪ್ಟೆಂಬರ್ 27ಕ್ಕೆ. ಬಿಷಪ್ ಹುದ್ದೆಯ ಬಗ್ಗೆಯೇ ವರ್ಷಗಟ್ಟಲೆ ವಾದ. ಮುಂದೆ ನಿಂತು ಮಾತಾಡಿದ ಬಿಷಪ್ ಅಜರಯ್ಯ 1945ರಲ್ಲೇ ತೀರಿಕೊಂಡರು. 1970ರಲ್ಲಿ ನಾಗಪುರದಲ್ಲಿ ಸಿ.ಎನ್.ಐ. (ಚರ್ಚ್ ಆಫ್ ನಾರ್ತ್ ಇಂಡಿಯಾ) ಆದಾಗ ಮಕ್ಕಳಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಕೊಡುವವರೂ ದೊಡ್ಡವರಿಗೆ ಮಾತ್ರ ಅನ್ನುವವರೂ ಒಂದೇ ಸಭೆಗೆ ಬಂದರು. ಎರಡಕ್ಕೂ ಒಪ್ಪಿಗೆ. ಬೆಳಗಾವಿಯಲ್ಲಿ ನಾವು ನೋಡುವ ಮೆಥಡಿಸ್ಟರು ಮಾತ್ರ ಆಗ ಸೇರಲಿಲ್ಲ. ಯಾಕೆ ಅಂತ ಮುಂದಿನ ವಾರ ಯಾರಾದರೂ ಕೇಳೇ ಕೇಳುತ್ತೀರಿ, ಗೊತ್ತು.